ವಾಪಸ್ ಬರುವ ದಾರಿಯಿಂದಲೇ ಲೆಕ್ಕ ಶುರು: ಮೈಸೂರಿನಿಂದ ಸೈಕಲ್‌ನಲ್ಲಿ ನೂರು ಕಿಲೋಮೀಟರ್

ಸೈಕಲ್ ತುಳಿಯುವವರಿಗೆ ಮೈಸೂರು ಬಹಳ ಅನುಕೂಲದ ಊರು. ರಿಂಗ್ ರಸ್ತೆ ದಾಟಿ ಅರ್ಧ ಗಂಟೆ ತುಳಿದರೆ ಗದ್ದೆ ಬಯಲು. 50 ಕಿ.ಮೀ. ಒಳಗೆ ಕಾವೇರಿಯೂ ಸಿಗುತ್ತಾಳೆ, ಕಪಿಲೆಯೂ ಸಿಗುತ್ತಾಳೆ; ಹತ್ತಲು ಮೇಲುಕೋಟೆಯ ಬೆಟ್ಟವಿದೆ. ಆದರೂ ಊರೊಳಗೆ ದಿನಾ 20 ಕಿ.ಮೀ. ಸಲೀಸಾಗಿ ತುಳಿಯುವವರು ಮೊದಲ ದೊಡ್ಡ ಸವಾರಿಯಲ್ಲಿ ಸುಸ್ತಾಗಿ ರಸ್ತೆ ಬದಿಯಲ್ಲಿ ಕೂತುಬಿಡುತ್ತಾರೆ. ಬೆಳಗಿನ ತಂಪಿನಲ್ಲಿ, ಹುರುಪಿನಲ್ಲಿ ಹಾಕಿದ ಲೆಕ್ಕ ಮಧ್ಯಾಹ್ನದ ಬಿಸಿಲು ಮತ್ತು ಎದುರುಗಾಳಿಗೆ ತಡೆಯುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋಗಬೇಕು ಎನ್ನುವ ಮೊದಲು, ಯಾವ ಹೊತ್ತಿನಲ್ಲಿ, ಯಾವ ಗಾಳಿಯಲ್ಲಿ ಮನೆಗೆ ಮರಳಬೇಕು ಎಂಬುದನ್ನು ತೀರ್ಮಾನಿಸಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

1. ಗಾಳಿ ನೋಡಿ ದಿಕ್ಕು ಆರಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಜೋರಾಗಿ ಬೀಸುತ್ತದೆ. ಈ ತಿಂಗಳುಗಳಲ್ಲಿ ಮಂಡ್ಯದ ಕಡೆಗೆ ಹೊರಟರೆ ಹೋಗುವಾಗ ಗಾಳಿಯೇ ತಳ್ಳುತ್ತದೆ, ಗಂಟೆಗೆ 22 ಕಿ.ಮೀ. ಬಂದದ್ದನ್ನು ಸವಾರ ತನ್ನ ಶಕ್ತಿ ಎಂದುಕೊಳ್ಳುತ್ತಾನೆ. ಮರಳುವಾಗ ಅದೇ ರಸ್ತೆಯಲ್ಲಿ 12 ದಾಟುವುದೂ ಕಷ್ಟ. ಮಳೆಗಾಲದಲ್ಲಿ ಹೋಗಬೇಕಾದದ್ದು ಗಾಳಿಗೆ ಎದುರಾಗಿ: ಮಾನಂದವಾಡಿ ರಸ್ತೆ ಹಿಡಿದು ಜಯಪುರ, ಹಂಪಾಪುರದ ಕಡೆಗೆ. ಬೆಳಗಿನ ಸೂರ್ಯ ಬೆನ್ನಿಗಿರುತ್ತಾನೆ, ಕಾಲಿನಲ್ಲಿ ಶಕ್ತಿ ಇರುವಾಗಲೇ ಕಷ್ಟದ ಅರ್ಧ ಮುಗಿಯುತ್ತದೆ, ದಣಿದ ಮೇಲೆ ಗಾಳಿ ಮನೆಗೆ ತಂದು ಬಿಡುತ್ತದೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಇದು ತಿರುಗುಮುರುಗು. ಗಾಳಿ ಪೂರ್ವ, ಈಶಾನ್ಯದಿಂದ ಬರುವುದರಿಂದ ಪಾಂಡವಪುರ, ಮೇಲುಕೋಟೆ, ಮಂಡ್ಯದ ಕಡೆಗೆ ಹೋಗಲು ಇದೇ ಕಾಲ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ, 60 ಕಿ.ಮೀ. ಮೀರದಂತೆ ನೋಡಿಕೊಂಡು ಹತ್ತೂವರೆಗೆಲ್ಲ ಮನೆ ಸೇರಿ.

ಬನ್ನೂರು ರಸ್ತೆಯಲ್ಲಿ ಒಂದು ಎಚ್ಚರಿಕೆ. ಬೆಳಿಗ್ಗೆ ಪೂರ್ವಕ್ಕೆ ಹೋಗುವಾಗ ಸೂರ್ಯ ನಿಮ್ಮ ಕಣ್ಣಿಗೆ ಮಾತ್ರ ಕುಕ್ಕುವುದಿಲ್ಲ, ಹಿಂದಿನಿಂದ ಬರುವ ಲಾರಿ ಚಾಲಕನ ಕಣ್ಣಿಗೂ ಕುಕ್ಕುತ್ತದೆ. ನೀವು ಅವನಿಗೆ ಕಾಣುವುದೇ ಇಲ್ಲ. ಹಗಲಿನಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ.

2. ದಾರಿ ಗುರುತು ಮಾಡಿಕೊಳ್ಳಿ

ಮೊಬೈಲ್ ನಕ್ಷೆಯಲ್ಲಿ ಕಾರಿನ ದಾರಿ ಕೇಳಿದರೆ ಅದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೋರಿಸುತ್ತದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರುಗಡೆಯಿಂದಲೂ ವಾಹನ ಬರುತ್ತದೆ ಎಂದೇ ತಿಳಿದು ಎಡಕ್ಕಿರಿ. ಕಾಲುವೆ ಏರಿಯ ದಾರಿಯನ್ನು ನಕ್ಷೆ ಹತ್ತಿರದ ದಾರಿ ಎಂದು ತೋರಿಸಿದರೆ ಉಪಗ್ರಹ ಚಿತ್ರದಲ್ಲಿ ನೋಡಿ. ಮಳೆ ಬಿದ್ದ ಮರುದಿನ ಅದರ ಎರೆಮಣ್ಣು ಬ್ರೇಕಿಗೂ ಮಡ್‌ಗಾರ್ಡಿಗೂ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯಲ್ಲಿ ತಡೆಗೋಡೆ ಇಲ್ಲದ ಕಡೆ ಕತ್ತಲಲ್ಲಿ, ಮಂಜಿನಲ್ಲಿ ಹೋಗಲೇಬೇಡಿ.

ಹಂತಹಂತವಾಗಿ ಏರಿಸಿಕೊಳ್ಳಲು ಈ ದಾರಿಗಳು ಸೂಕ್ತ (ದೂರವೆಲ್ಲ ಅಂದಾಜು):

ಮೊದಲು 50 ಕಿ.ಮೀ. ಸುತ್ತು: ಮೈಸೂರು, ಕೆಆರ್‌ಎಸ್, ಬೆಳಗೊಳ, ಪಾಲಹಳ್ಳಿ, ಶ್ರೀರಂಗಪಟ್ಟಣ, ಮೈಸೂರು. ಅಣೆಕಟ್ಟೆಯ ಮೇಲಿನ ರಸ್ತೆ ಸಾರ್ವಜನಿಕರಿಗಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಭಾನುವಾರ ಸಂಜೆ ಬೃಂದಾವನದ ಕಡೆ ಕಾರುಗಳ ಸಾಲು, ಬೆಳಿಗ್ಗೆಯೇ ಮುಗಿಸಿ.

ಅದು ಆರಾಮವಾಗಿ ಆದ ಮೇಲೆ 80 ಕಿ.ಮೀ. ಆಸುಪಾಸಿನ ಸುತ್ತು: ಮೈಸೂರು, ಬನ್ನೂರು, ಸೋಮನಾಥಪುರ, ತಿ. ನರಸೀಪುರ, ಮೈಸೂರು. ಹೋದ ದಾರಿಯಲ್ಲೇ ಮರಳದ ಕಾರಣ ಬೇಸರವಾಗದು. ಸೋಮನಾಥಪುರ ಅರ್ಧ ದಾರಿಗೆ ಸ್ವಲ್ಪ ಮೊದಲು ಬರುವುದರಿಂದ ಅಲ್ಲಿ ವಿಶ್ರಾಂತಿ ತೆಗೆದುಕೊಳ್ಳಬಹುದು. ನರಸೀಪುರದಿಂದ ಮರಳುವುದು ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಸ್ಸುಗಳ ವೇಗ ಹೆಚ್ಚು.

ಮೂರನೆಯದು ಮೇಲುಕೋಟೆ: ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಹೋಗಿ ಬರಲು ನೂರು. ಜಕ್ಕನಹಳ್ಳಿ ದಾಟಿದ ಮೇಲೆ ಕೊನೆಯ ಏರು ಇದೆ. ಇದಕ್ಕೆ ತಯಾರಿ ಚಾಮುಂಡಿ ಬೆಟ್ಟ. ನಿಲ್ಲದೆ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ಬೆಟ್ಟ ಹತ್ತಲು ಆದರೆ ಮೇಲುಕೋಟೆಗೆ ಹೆದರಬೇಕಿಲ್ಲ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ, ವೈರಮುಡಿ ದಿನ ಮೇಲುಕೋಟೆಗೆ, ದೊಡ್ಡ ಜಾತ್ರೆಯ ದಿನ ನಂಜನಗೂಡಿಗೆ ಸೈಕಲ್‌ನಲ್ಲಿ ಹೋಗಬೇಡಿ. ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿ.

ವಾರಕ್ಕೊಮ್ಮೆ ಮಾಡುವ ಉದ್ದದ ಸವಾರಿಯನ್ನು ಒಮ್ಮೆಗೆ ಹತ್ತು ಹದಿನೈದು ಕಿ.ಮೀ.ಗಿಂತ ಹೆಚ್ಚು ಏರಿಸಬೇಡಿ. ಕಾಲು ಬೇಗ ಒಗ್ಗುತ್ತದೆ. ಕುತ್ತಿಗೆ, ಅಂಗೈ, ಮಂಡಿ ಒಗ್ಗಲು ಹೆಚ್ಚು ಸಮಯ ಬೇಕು.

3. ಹೊತ್ತಿನ ಲೆಕ್ಕ

ನವೆಂಬರ್ ನಡುವಿನಲ್ಲಿ ಮೈಸೂರಿನಲ್ಲಿ ಸೂರ್ಯೋದಯ 6.20ರ ಸುಮಾರಿಗೆ, ಸೂರ್ಯಾಸ್ತ ಆರಕ್ಕೆ ಸ್ವಲ್ಪ ಮೊದಲು. ಮೇಲುಕೋಟೆ ಸವಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ದೀಪ ಹಾಕಿಕೊಂಡು ಬೆಳಿಗ್ಗೆ 6ಕ್ಕೆ ಹೊರಡಿ. ಗಂಟೆಗೆ 16ರಂತೆ 50 ಕಿ.ಮೀ.ಗೆ 3 ಗಂಟೆ 10 ನಿಮಿಷ. ತಿಂಡಿ, ನೀರಿಗೆ 40 ನಿಮಿಷ. ಬೆಟ್ಟದ ಏರಿನಲ್ಲಿ ವೇಗ 7ಕ್ಕೆ ಇಳಿಯುವುದರಿಂದ ಇನ್ನೂ 15 ನಿಮಿಷ. ತಲುಪುವುದು 10.05ಕ್ಕೆ. ಮುಕ್ಕಾಲು ಗಂಟೆ ಕಳೆದು 10.50ಕ್ಕೆ ಹೊರಟರೆ, ದಣಿವಿಗೆ ವೇಗ 15ಕ್ಕಿಳಿಸಿ 3 ಗಂಟೆ 20 ನಿಮಿಷ, ನಿಲುಗಡೆಗೆ ಅರ್ಧ ಗಂಟೆ. ಮನೆ 2.40ಕ್ಕೆ. ಒಂದು ಪಂಕ್ಚರ್‌ಗೆ ಅರ್ಧ ಗಂಟೆ ಸೇರಿಸಿದರೆ 3.10.

ಈ ಲೆಕ್ಕದಿಂದ ಸಿಗುವ ಮುಖ್ಯ ಅಂಕಿ ಒಂದೇ: 11 ಗಂಟೆ. ಎಲ್ಲಿದ್ದರೂ ಸರಿ, ಬೆಟ್ಟದ ಬುಡದಲ್ಲೇ ಇದ್ದರೂ ಸರಿ, 11ಕ್ಕೆ ಸೈಕಲ್ ಮೈಸೂರಿನ ಕಡೆ ತಿರುಗಬೇಕು. ಗುಂಪಿನಲ್ಲಿ ಹೋಗುವುದಾದರೆ ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಳ್ಳಿ. ‘ಇನ್ನು ಐದೇ ಕಿಲೋಮೀಟರ್’ ಎಂಬ ಆಸೆಗೆ ಆ ಹೊತ್ತಿನಲ್ಲಿ ಬೇಡ ಎನ್ನುವುದು ಕಷ್ಟ.

ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ನದಿ ಮತ್ತು ಗದ್ದೆಗಳ ಬದಿಯಲ್ಲಿ ಅದಕ್ಕೂ ತಡವಾಗಿ ಮಂಜು ಕರಗುತ್ತದೆ. ಆಗ ಅರ್ಧ ಗಂಟೆ ತಡವಾಗಿ ಹೊರಟು, ನೋಡುವ ಜಾಗ ಒಂದನ್ನು ಬಿಡಿ.

4. ತುಳಿಯಲಾಗದಿದ್ದರೆ ಬರುವುದು ಹೇಗೆ?

ಹೊರಡುವ ಮೊದಲೇ ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಮಂಡ್ಯ ರಸ್ತೆಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ರೈಲು ನಿಲ್ದಾಣಗಳಿವೆ, ದಕ್ಷಿಣಕ್ಕೆ ನಂಜನಗೂಡು. ಪಾಂಡವಪುರ ನಿಲ್ದಾಣ ಪಟ್ಟಣದಿಂದ ದೂರವಿದೆ ಎಂಬುದು ನೆನಪಿರಲಿ. ಸೈಕಲನ್ನು ಬೋಗಿಯೊಳಗೆ ನೂಕಿಕೊಂಡು ಹೋಗುವಂತಿಲ್ಲ, ಲಗೇಜ್ ವ್ಯಾನ್ ಇರುವ ರೈಲಿಗೆ ಲಗೇಜ್ ಆಗಿ ಬುಕ್ ಮಾಡಬೇಕು. ಯಾವ ರೈಲಿಗೆ, ಯಾವ ನಿಲ್ದಾಣದಲ್ಲಿ ಬುಕಿಂಗ್ ಇದೆ ಎಂದು ಮೈಸೂರು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಬನ್ನೂರು, ತಿ. ನರಸೀಪುರ, ಮೇಲುಕೋಟೆ, ಎಚ್.ಡಿ. ಕೋಟೆಗೆ ರೈಲೇ ಇಲ್ಲ. ಅಲ್ಲಿ ಗೂಡ್ಸ್ ಆಟೊ ಗತಿ. ಹತ್ತಿರದ ದೊಡ್ಡ ಊರಿನ ಬಸ್ ನಿಲ್ದಾಣದ ಬಳಿ ಕೇಳಿದರೆ ಸಿಗುತ್ತದೆ. ಅದಕ್ಕೆ ಬೇಕಾದಷ್ಟು ಹಣ ನಗದಾಗಿ, ಬೇರೆ ಜೇಬಿನಲ್ಲಿ ಇರಲಿ. ದಾರಿಯ ಊರುಗಳ ಹೆಸರು, ನಡುವಿನ ದೂರ, ಮನೆಯವರ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಅದರ ಒಂದು ಪ್ರತಿ ಮನೆಯಲ್ಲಿರಲಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108.

5. ಟೈರು, ಟ್ಯೂಬು, ಗಾಳಿ

ದೂರದ ಸವಾರಿಯಲ್ಲಿ ಹೆಚ್ಚು ಕೈಕೊಡುವುದು ಚಕ್ರವೇ. ಮೊದಲು ವಾಲ್ವ್ ನೋಡಿಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯ ಕೈಪಂಪು ಹಳೆಯ ಸಾದಾ ಸೈಕಲ್ಲಿನ ಡನ್‌ಲಪ್ ವಾಲ್ವ್‌ಗೆ ಹೊಂದುತ್ತದೆ, ಕಂಪ್ರೆಸರ್ ಬೈಕಿನ ದಪ್ಪ ಶ್ರೇಡರ್ ವಾಲ್ವ್‌ಗೆ. ರೋಡ್ ಬೈಕುಗಳ (ತೆಳು ಟೈರಿನ ಸೈಕಲ್‌ಗಳ) ಸಣ್ಣ ಪ್ರೆಸ್ಟಾ ವಾಲ್ವ್‌ಗೆ ಇವೆರಡೂ ಹಿಡಿಯುವುದಿಲ್ಲ. ಬೆರಳ ತುದಿಯಷ್ಟರ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವ್‌ಗೇ ತಿರುಗಿಸಿ ಇಟ್ಟರೆ ಬೈಕಿನ ಗಾಳಿ ಹಿಡಿಯಬಹುದು. ಕಂಪ್ರೆಸರ್‌ನಲ್ಲಿ ಹೊಡೆಸುವಾಗ ಒಮ್ಮೆಗೆ ಎರಡು ಸೆಕೆಂಡ್ ಮಾತ್ರ. ಹೆಚ್ಚಾದರೆ ತೆಳು ಟೈರು ರಿಮ್ಮಿನಿಂದ ಹಾರಿ ಟ್ಯೂಬ್ ಸಿಡಿಯುತ್ತದೆ.

ಇನ್ನೊಂದು ಮೋಸ ಅಳತೆಯದು. ಸಾದಾ ಸೈಕಲ್ಲಿನ 28 ಇಂಚಿನ ರಿಮ್ 635 ಮಿ.ಮೀ., ಹೈಬ್ರಿಡ್ ಮತ್ತು ರೋಡ್ ಬೈಕಿನ 700ಸಿ ರಿಮ್ 622. ನೋಡಲು ಒಂದೇ ಥರ ಕಂಡರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ತಾಲ್ಲೂಕು ಪಟ್ಟಣದಲ್ಲಿ 700ಸಿ ಟ್ಯೂಬ್ ಸಿಗುತ್ತದೆಂದು ನಂಬಿ ಹೋಗಬೇಡಿ, ಎರಡು ಹೊಸ ಟ್ಯೂಬ್ ಚೀಲದಲ್ಲಿರಲಿ. ಅವುಗಳ ಜೊತೆ ಮೂರು ಟೈರ್ ಲಿವರ್, ಪ್ಯಾಚ್, ಸೊಲ್ಯೂಷನ್, ಮರಳು ಕಾಗದದ ತುಂಡು, ಸಣ್ಣ ಪಂಪು, 4, 5, 6 ಮಿ.ಮೀ. ಅಲೆನ್ ಕೀ, ಚೈನ್ ಕತ್ತರಿಸುವ ಸಾಧನ, ನಿಮ್ಮ ಗೇರಿಗೆ ಹೊಂದುವ ಚೈನ್ ಲಿಂಕ್. ಚಕ್ರ ನಟ್‌ನಲ್ಲಿ ಕೂತಿದ್ದರೆ 15ರ ಸ್ಪ್ಯಾನರ್ ಕೂಡ. ಅದನ್ನು ಮರೆತರೆ ಉಳಿದದ್ದೆಲ್ಲ ಇದ್ದೂ ದಂಡ.

ಗಾಳಿ ಎಷ್ಟು? 700x25ರ (25 ಮಿ.ಮೀ. ಅಗಲದ) ಟೈರಿಗೆ 80ರಿಂದ 95 ಪಿಎಸ್‌ಐ, 700x35ಕ್ಕೆ 50ರಿಂದ 70, ದಪ್ಪ ಎಂಟಿಬಿ (ಮೌಂಟನ್ ಬೈಕ್) ಟೈರಿಗೆ 35ರಿಂದ 45. ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೆ, ನಿಮ್ಮ ತೂಕ ಹೆಚ್ಚಿದ್ದರೆ ಮೇಲಿನ ಅಂಕಿಗೆ ಹತ್ತಿರ. ಗಾಳಿ ಕಡಿಮೆಯಾಗಿ ಗುಂಡಿಗೆ ಬಿದ್ದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತವೆ. ಒಂದೇ ತೂತಿದ್ದರೆ ಅದು ಬಹುಪಾಲು ಜಾಲಿಮುಳ್ಳು, ತಂತಿ ಅಥವಾ ಗಾಜು.

ರಸ್ತೆ ಬದಿಯಲ್ಲಿ ತೂತು ಹುಡುಕಿ ಪ್ಯಾಚ್ ಹಾಕುತ್ತ ಕೂರಬೇಡಿ, ಟ್ಯೂಬ್ ಬದಲಿಸಿ. ಆದರೆ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ. ಮುಳ್ಳಿನ ಮೊನೆ ಇದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಜಾಲಿಮುಳ್ಳು ಹೊರಗೆ ಮುರಿದು, ಒಳಗೆ ಎರಡು ಮಿ.ಮೀ. ಮಾತ್ರ ಇಣುಕುತ್ತಿರುತ್ತದೆ. ಅದನ್ನು ಕೀಳದೆ ಹಾಕಿದ ಹೊಸ ಟ್ಯೂಬ್ ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಎಷ್ಟೋ ಜನರ ಎರಡನೇ ಪಂಕ್ಚರ್ ಇದೇ. ಟ್ಯೂಬಿಗೆ ಮೊದಲು ಅದು ದುಂಡಗಾಗುವಷ್ಟು ಮಾತ್ರ ಗಾಳಿ ಊದಿ ಕೂರಿಸಿ, ಟೈರಿನ ಅಂಚನ್ನು ಕೊನೆಗೆ ವಾಲ್ವ್ ಬಳಿ ಕೈಯಿಂದಲೇ ಒತ್ತಿ ಮುಗಿಸಿ.

ಸೀಟಿನ ಎತ್ತರ: ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ.

6. ನೀರು, ಉಪ್ಪು, ಊಟ

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು. ಎರಡು ಬಾಟಲಿ ಬೇಕು: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಮ್ಮ ರಸ್ತೆಗಳಲ್ಲಿ ಎಳನೀರಿಗೆ ಬರವಿಲ್ಲ, ಕುಡಿಯಿರಿ. ಆದರೆ ಅದೊಂದನ್ನೇ ನೆಚ್ಚಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಉಪ್ಪು ಹಾಕಿದ ಮಜ್ಜಿಗೆ ಆ ಕೊರತೆ ತುಂಬುತ್ತದೆ.

ಹಸಿವಾದ ಮೇಲೆ ತಿಂದರೆ ತಡವಾಯಿತು. ಹೊರಟ ಮುಕ್ಕಾಲು ಗಂಟೆಯಿಂದಲೇ, ಗಂಟೆಗೆ ಎರಡು ಏಲಕ್ಕಿ ಬಾಳೆ, ಒಂದು ಕಡಲೆ ಮಿಠಾಯಿ. ತಿಂಡಿಗೆ ಇಡ್ಲಿ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿ ಕೂರುತ್ತದೆ, ವಡೆಯನ್ನು ಮನೆಗೆ ಕಟ್ಟಿಸಿಕೊಳ್ಳಿ. ಮೇಲುಕೋಟೆ, ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣಿನ ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಿ ಹೋದರೆ ಕೋತಿಗಳ ಪಾಲು.

7. ರಸ್ತೆಯಲ್ಲಿ ಎದುರಾಗುವವು

ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿರುತ್ತಾರೆ. ಒಣ ಹುರುಳಿ ಬಳ್ಳಿಯ ಮೇಲೆ ತುಳಿದುಕೊಂಡು ಹೋಗುವುದು ಗೇರ್ ಸೈಕಲ್ಲಿಗೆ ಅತಿ ದೊಡ್ಡ ಗಂಡಾಂತರ. ಬಳ್ಳಿ ಚೈನಿನ ಜೊತೆ ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸುವ ಭಾಗಕ್ಕೆ) ಸುತ್ತಿಕೊಳ್ಳುತ್ತದೆ. ಆಗ ಬಲ ಹಾಕಿ ಒಂದು ಸುತ್ತು ತುಳಿದರೂ ಡಿರೇಲರ್ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ ಅಥವಾ ಮುರಿಯುತ್ತದೆ. ಹತ್ತು ಹೆಜ್ಜೆ ಸೈಕಲ್ ಎತ್ತಿಕೊಂಡು ನಡೆದುಬಿಡಿ. ಸಿಕ್ಕಿಕೊಂಡರೆ ತಕ್ಷಣ ತುಳಿಯುವುದು ನಿಲ್ಲಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಬಳ್ಳಿಯನ್ನು ತುಂಡು ತುಂಡಾಗಿ ಎಳೆದು ತೆಗೆಯಿರಿ.

ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಎರಡೆರಡು ಟ್ರೈಲರ್. ಎರಡೂ ಬದಿಗೆ ಕಬ್ಬು ಚಾಚಿರುತ್ತದೆ, ಎಡಗಡೆಯಿಂದ ಮುಂದೆ ಹೋಗಲು ನೋಡಬೇಡಿ. ಆಸರೆಗೆಂದು ಟ್ರೈಲರ್ ಹಿಡಿದುಕೊಳ್ಳುವುದಂತೂ ಪ್ರಾಣಕ್ಕೆ ಸಂಚಕಾರ. ಬಿದ್ದ ಕಬ್ಬಿನ ತುಂಡಿನ ಮೇಲೆ ಮುಂದಿನ ಚಕ್ರ ಓರೆಯಾಗಿ ಹತ್ತಿದರೆ ಜಾರುತ್ತದೆ, ನೇರವಾಗಿ ದಾಟಿ. ಊರು ಬಂತೆಂದರೆ ಬಣ್ಣವಿಲ್ಲದ ಹಂಪು ಇದ್ದೇ ಇರುತ್ತದೆ ಎಂದು ತಿಳಿದು ವೇಗ ಇಳಿಸಿ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ.

ದಕ್ಷಿಣಕ್ಕೆ ಹೋಗುವವರಿಗೆ ಗುಂಡ್ಲುಪೇಟೆಯೇ ಗಡಿ. ಅದರಾಚೆ ಬಂಡೀಪುರದ ಕಾಡು, ಆನೆಯ ದಾರಿ. ಅಲ್ಲಿ ಸೈಕಲ್ ಸವಾರಿಗೆ ಜಾಗವಿಲ್ಲ.

8. ನೂರರ ನಂತರ

ಮುಂದಿನ ಗುರಿ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. ಅದನ್ನು 13 ಗಂಟೆ 30 ನಿಮಿಷದೊಳಗೆ, ನಿಲುಗಡೆಯೂ ಸೇರಿ, ಮುಗಿಸಬೇಕು. ಮೇಲೆ ಹೇಳಿದ ಮೇಲುಕೋಟೆಯ ಲೆಕ್ಕಕ್ಕೆ ನೂರು ಕಿ.ಮೀ.ಗೆ 8 ಗಂಟೆ 40 ನಿಮಿಷ ಹಿಡಿಯಿತು. ಅದೇ ಚಾಳಿಯಲ್ಲಿ ಇನ್ನೂರಕ್ಕೆ 17 ಗಂಟೆ ಮೀರುತ್ತದೆ. ವೇಗವನ್ನು 16ರಿಂದ 18ಕ್ಕೆ ಏರಿಸಿದರೆ ತುಳಿತಕ್ಕೆ 11 ಗಂಟೆ ಸ್ವಲ್ಪ ಹೆಚ್ಚು ಬೇಕು, ನಿಲುಗಡೆಗೆ ಎರಡೂಕಾಲು ಗಂಟೆ ಸಿಗುತ್ತದೆ. ವೇಗಕ್ಕಿಂತ ಮೊದಲು ನಿಲುಗಡೆಯನ್ನು ಕತ್ತರಿಸಿ: ನೀರು ತುಂಬಲು ಐದು ನಿಮಿಷ, ತಿಂಡಿಗೆ ಇಪ್ಪತ್ತು. ಬನ್ನೂರು–ಸೋಮನಾಥಪುರದ ಸುತ್ತನ್ನು ಮೂರೇ ನಿಲುಗಡೆಯಲ್ಲಿ ಮುಗಿಸುವ ಅಭ್ಯಾಸ ಮಾಡಿ ನೋಡಿ. ಹೆಲ್ಮೆಟ್, ಹೊಳೆಯುವ ಪಟ್ಟಿಯ ಜಾಕೆಟ್, ಮುಂದೆ ಬಿಳಿ, ಹಿಂದೆ ಕೆಂಪು ದೀಪ ಆ ಹೊತ್ತಿಗೆ ನಿಮ್ಮ ಬಳಿ ಇರಲಿ, ದೀಪದ ಚಾರ್ಜ್ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದನ್ನು ಮನೆಯಲ್ಲೇ ಉರಿಸಿ ಅಳೆದಿಡಿ.