ಸಿಸ್ಟಂ ಕೈಕೊಟ್ಟರೆ ಫೈಲ್ ವಾಪಸ್ ತೆಗೆಯುವುದು ಹೇಗೆ

ಮಂಡ್ಯದ ಪೇಟೆ ಬೀದಿ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬೀಗರೂಟದ ಕಾರ್ಡು, ಸಂಘಗಳ ವಾರ್ಷಿಕ ವರದಿ ಮಾಡುತ್ತೇನೆ. ಅಕ್ಕಪಕ್ಕದವರ ಕಂಪ್ಯೂಟರ್ ಕೆಟ್ಟರೂ ನನ್ನ ಟೇಬಲ್ಲಿಗೇ ಬರುತ್ತದೆ. ‘ಕರೆಂಟ್ ಹೋಗಿ ಬಂತು, ಆನ್ ಆಯ್ತಿಲ್ಲ, ಎಲ್ಲಾ ಹೋಯ್ತು ಕಣಣ್ಣ’ ಅನ್ನುತ್ತಾರೆ. ಹೋಗಿರುವುದು ಸಾಮಾನ್ಯವಾಗಿ ವಿಂಡೋಸ್ ಅಷ್ಟೇ. ಫೈಲ್‌ಗಳು ಡಿಸ್ಕ್‌ನಲ್ಲಿ ಇದ್ದ ಜಾಗದಲ್ಲೇ ಇರುತ್ತವೆ. ಆಮೇಲೆ ನಾವು ಗಾಬರಿಯಲ್ಲಿ ಮಾಡುವ ಕೆಲಸದಿಂದಲೇ ಅವು ಹಾಳಾಗುವುದು ಜಾಸ್ತಿ.

ಆದ್ದರಿಂದ ‘ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕ್ತೀನಿ’ ಅಂತ ಯಾರಾದರೂ ಹೇಳಿದರೆ ತಡೆಯಿರಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಆಗುವುದೂ ಅದೇ.

ಡಿಸ್ಕ್ ಮುಟ್ಟುವ ಮೊದಲು ಆ ಫೈಲ್ ಬೇರೆ ಎಲ್ಲಿಗೆಲ್ಲ ಹೋಗಿತ್ತು ಅಂತ ನೆನಪಿಸಿಕೊಳ್ಳಿ. ಪ್ರೂಫ್ ನೋಡಲು ಗಿರಾಕಿಗೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದ್ದಿರಾ? ಪ್ರೆಸ್‌ನವರಿಗೆ ಮೇಲ್ ಮಾಡಿದ್ದರೆ ಜಿಮೇಲ್‌ನ ಸೆಂಟ್‌ನಲ್ಲಿ ಇದ್ದೇ ಇರುತ್ತದೆ. ಒನ್‌ಡ್ರೈವ್ ಆನ್ ಆಗಿದ್ದರೆ ಫೋನ್‌ನಲ್ಲೇ ಲಾಗಿನ್ ಆಗಿ ನೋಡಬಹುದು. ಎಷ್ಟೋ ಕೇಸು ಇಲ್ಲಿಗೇ ಮುಗಿಯುತ್ತವೆ.

ಮುಗಿಯಲಿಲ್ಲವಾದರೆ ಡಿಸ್ಕ್‌ನ ಸದ್ದು ಕೇಳಿ. ಹಳೇ ಹಾರ್ಡ್ ಡಿಸ್ಕ್ ಸರಿಯಿದ್ದರೆ ಸಣ್ಣಗೆ ‘ಗುಂಯ್’ ಅನ್ನುತ್ತದೆ. ಒಂದೇ ಲಯದಲ್ಲಿ ‘ಟಕ್... ಟಕ್... ಟಕ್’ ಅಂದು ನಿಂತು ಮತ್ತೆ ಶುರುವಾದರೆ ತಕ್ಷಣ ವೈರ್ ಕಿತ್ತುಬಿಡಿ. ಓದುವ ಹೆಡ್ ಕೆಟ್ಟಿರಬಹುದು. ಅದನ್ನು ಓಡಿಸಿದಷ್ಟೂ ಒಳಗಿನ ತಟ್ಟೆ ಗೀಚಿಹೋಗುತ್ತದೆ. ಅಂಥದ್ದು ಬೆಂಗಳೂರಿನ ಡೇಟಾ ರಿಕವರಿ ಲ್ಯಾಬ್‌ಗೆ ಹೋಗಬೇಕು. ಖರ್ಚು ಜೋರಾಗಿಯೇ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಸದ್ದು ಸರಿಯಿದ್ದರೆ ಎರಡು ದಾರಿ ಇವೆ. ಡಿಸ್ಕ್ ಬಿಚ್ಚಿ, ಅದರ ಸಾಟಾ ಪಿನ್‌ನಿಂದ ಯುಎಸ್‌ಬಿಗೆ ಬರುವ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚುವುದು ಒಂದು. ಲ್ಯಾಪ್‌ಟಾಪ್ ಡಿಸ್ಕ್‌ಗೆ ಯುಎಸ್‌ಬಿ ಕರೆಂಟ್ ಸಾಕು. ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಬಿಚ್ಚಲು ಬರದವರು ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು (ವಿಂಡೋಸ್ ಬದಲಿಗೆ ಓಡಿಸುವ ಇನ್ನೊಂದು ಸಿಸ್ಟಂ) ಡೌನ್‌ಲೋಡ್ ಮಾಡಿ, ರೂಫಸ್ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕೆಟ್ಟ ಕಂಪ್ಯೂಟರ್‌ಗೆ ಅದನ್ನು ಚುಚ್ಚಿ, ಅದರಿಂದಲೇ ಬೂಟ್ (ಸ್ಟಾರ್ಟ್) ಮಾಡಿ. ‘ಟ್ರೈ’ ಅನ್ನುವುದನ್ನು ಒತ್ತಿ, ‘ಇನ್‌ಸ್ಟಾಲ್’ ಒತ್ತಬೇಡಿ. ‘ಯೂಸರ್ಸ್’ ಫೋಲ್ಡರ್ ಹುಡುಕಿ ಪೂರ್ತಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ.

ಡಿಸ್ಕ್ ಚುಚ್ಚಿದ ಕೂಡಲೇ ‘ಫಾರ್ಮ್ಯಾಟ್ ಮಾಡಬೇಕು’ ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ 48 ಅಂಕಿಯ ಕೀ ಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಅದಿಲ್ಲದೆ ಯಾರ ಕೈಲೂ ಆಗುವುದಿಲ್ಲ.

ಡಿಸ್ಕ್ ಓದುತ್ತಿದೆ, ಆದರೆ ಫೈಲ್ ಇಲ್ಲ ಅಂದರೆ ಮಾತ್ರ ರಿಕವರಿ ಸಾಫ್ಟ್‌ವೇರ್. ಡಿಲೀಟ್ ಆದಾಗ ಹಾರ್ಡ್ ಡಿಸ್ಕ್ ಹೆಸರನ್ನಷ್ಟೇ ಅಳಿಸುತ್ತದೆ. ಅದೇ ಜಾಗದಲ್ಲಿ ಹೊಸದು ಕೂರುವ ತನಕ ಹಳೆಯದು ಸಿಗುತ್ತದೆ. ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲೇ ಬರೆಯುವ ಎಸ್‌ಎಸ್‌ಡಿ ಹಾಗಲ್ಲ. ‘ಟ್ರಿಮ್’ ಅನ್ನುವ ವ್ಯವಸ್ಥೆ ಖಾಲಿ ಜಾಗವನ್ನು ತಾನಾಗಿಯೇ ಗುಡಿಸಿಬಿಡುತ್ತದೆ, ಅಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ರಿಕವರಿ ಸಾಫ್ಟ್‌ವೇರ್‌ಗಳಲ್ಲಿ ರೆಕುವಾ ಸುಲಭ. ಫೋಟೋರೆಕ್ ಪುಕ್ಕಟೆ, ಹೆಸರಿಗೆ ಫೋಟೋ ಅಂತಿದ್ದರೂ ವರ್ಡ್, ಪಿಡಿಎಫ್ ಎಲ್ಲ ತೆಗೆಯುತ್ತದೆ. ಸಾಫ್ಟ್‌ವೇರ್ ಹಾಕುವುದು, ಸಿಕ್ಕಿದ್ದನ್ನು ಸೇವ್ ಮಾಡುವುದು ಎರಡೂ ಬೇರೆ ಡಿಸ್ಕ್‌ನಲ್ಲೇ ಆಗಬೇಕು. ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದಿದ್ದರೆ ಕಾಪಿ ಆದ ಮೇಲೆ. ಸುಸ್ತಾದ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ.

ಫೋಟೋರೆಕ್‌ನ ಕಷ್ಟ ಒಂದೇ, ಹಳೇ ಹೆಸರು ಬರುವುದಿಲ್ಲ. ಬರೀ ನಂಬರ್ ಹೆಸರಿನ ರಾಶಿ. ಅದರಲ್ಲಿ ನಿಮ್ಮ ವರ್ಡ್ ಫೈಲ್ ತೆರೆದರೆ ಕನ್ನಡದ ಬದಲು ಟೋಪಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಕಾಣಬಹುದು. ‘ಕರಪ್ಟ್ ಆಗಿದೆ’ ಅಂತ ಡಿಲೀಟ್ ಮಾಡಿಬಿಟ್ಟವರನ್ನು ನೋಡಿದ್ದೇನೆ. ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಹೊಡೆದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣುತ್ತದೆ. ನುಡಿ ಹಾಕಿ, ಅಕ್ಷರ ಸೆಲೆಕ್ಟ್ ಮಾಡಿ, ‘ನುಡಿ 01 ಇ’ ಕೊಟ್ಟು ನೋಡಿ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ಬದಲಿ ಫಾಂಟ್ ತೋರಿಸಿದರೆ ಒಪ್ಪಿಕೊಂಡು ಸೇವ್ ಮಾಡಬೇಡಿ, ಮುಚ್ಚಿ, ಮೊದಲು ಫಾಂಟ್ ಹಾಕಿ.

ಇಂಥ ಫೈಲನ್ನು, ಅದರೊಳಗಿನ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ (ಈಗ ಫೋನ್‌ಗಳಲ್ಲಿ ಹೊಡೆಯುವ ಕನ್ನಡ) ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಲಗ್ನಪತ್ರಿಕೆಯಲ್ಲಿ ಫೋನ್ ನಂಬರ್ ಇದ್ದೇ ಇರುತ್ತದಲ್ವಾ? ಇಂಗ್ಲಿಷ್ ಅಂಕಿಯಲ್ಲಿ ಹೊಡೆದಿದ್ದರೆ, ಫೈಲ್ ಒಳಗಿನ ವಿಷಯವನ್ನೂ ಹುಡುಕುವ ಹಾಗೆ ವಿಂಡೋಸ್ ಸರ್ಚ್ ಸೆಟ್ ಮಾಡಿ, ಆ ನಂಬರ್ ಕೊಡಿ.