ಕಾಲು ನಡುಗಿಸಿದ ನೊಣ

ನಮ್ಮೂರು ಪಾಂಡವಪುರದ ಹತ್ತಿರ. ಆಲೆಮನೆ ವಾಸನೆಯಲ್ಲೇ ಬೆಳೆದವನು ನಾನು. ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ.ಗೆ ಸೇರಿದಾಗ ಮೊದಲು ಸಿಕ್ಕ ಕೆಲಸವೂ ಬೆಲ್ಲದ್ದೇ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಸ್ವಲ್ಪ ಅಗಾರ್ ಹಾಕಿ ಕುದಿಸಬೇಕು. ಬೂಷ್ಟು ಹಿಡಿಯದಿರಲಿ ಅಂತ ಕೊನೆಗೆ ಪ್ರೊಪಿಯಾನಿಕ್ ಆಮ್ಲ. ಹಣ್ಣಿನ ನೊಣ ಡ್ರೊಸೊಫಿಲಾಗೆ ಇದೇ ಊಟ. ಆ ನೊಣದ ತಳಿಗಳನ್ನು ಸಾಕುವ ಕೇಂದ್ರವೇ ಅಲ್ಲಿದೆ.

ನೊಣಗಳನ್ನು ಈಥರ್ ಕೊಟ್ಟು ಮಲಗಿಸಿ ನೋಡುತ್ತಿದ್ದೆವು. ಕೆಲವು ತಳಿಗಳು ಈಥರ್‌ನಲ್ಲೂ ಸುಮ್ನೆ ಮಲಗುವುದಿಲ್ಲ, ಕಾಲು ಪಟಪಟ ನಡುಗಿಸುತ್ತವೆ. 1969ರಲ್ಲಿ ಕಪ್ಲಾನ್ ಮತ್ತು ಟ್ರೌಟ್ ಎಂಬ ವಿಜ್ಞಾನಿಗಳು ಇಂಥ ತಳಿಗಳನ್ನು ವಿವರಿಸಿದ್ದರು. ಒಂದರ ಹೆಸರು 'ಈಥರ್ ಅ ಗೋ ಗೋ'. ಅದರಲ್ಲಿ ಕೆಟ್ಟಿರುವುದು ಪೊಟ್ಯಾಸಿಯಂ ಚಾನೆಲ್, ಅಂದರೆ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಬಿಡುವ ಬಾಗಿಲು.

ನನ್ನ ಪಿಎಚ್.ಡಿ. ಮೆದುಳಿನ ಚಾನೆಲ್‌ಗಳ ಮೇಲೆ. 1994ರಲ್ಲಿ ವಾರ್ಮ್ಕೆ ಮತ್ತು ಗನೆಟ್ಸ್ಕಿ ನೊಣದಲ್ಲಿ ಆ ಚಾನೆಲ್ ಮಾಡುವ ಜೀನಿನ ನೆಂಟನನ್ನು ಮನುಷ್ಯನ ಮೆದುಳಿನಲ್ಲಿ ಕಂಡರು. ಹೆಸರು 'ಹರ್ಗ್'. ಮರುವರ್ಷವೇ, ಅದು ಕೆಟ್ಟರೆ ಹೃದಯಕ್ಕೆ ಲಾಂಗ್ ಕ್ಯೂಟಿ, ಅಂದರೆ ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಶಾಂತವಾಗಲು ತಡವಾಗುವ ಕಾಯಿಲೆ ಬರುತ್ತದೆ ಅಂತ ಗೊತ್ತಾಯಿತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೃದಯದ ಕಡೆ ಬಂದದ್ದು ಹಾಗೆ.

ಚಾನೆಲ್ ಮೂಲಕ ಹರಿಯುವ ಕರೆಂಟ್ ಅಳೆಯುವ ಕೆಲಸ ನಿಧಾನದ್ದು. ಗಾಜಿನ ಪಿಪೆಟ್ಟಿನ ತುದಿ ಒಂದು ಮೈಕ್ರಾನ್ ಆಸುಪಾಸು. ಅದನ್ನು ಒಂದೇ ಒಂದು ಜೀವಕೋಶಕ್ಕೆ ತಾಗಿಸಿ, ನಳಿಕೆಯಲ್ಲಿ ಮೆಲ್ಲಗೆ ಉಸಿರೆಳೆದರೆ ಪೊರೆ ಗಾಜಿಗೆ ಕಚ್ಚಿಕೊಳ್ಳಬೇಕು. ಮೊದಲ ನಾಲ್ಕು ತಿಂಗಳು ಕಚ್ಚಲೇ ಇಲ್ಲ. ದ್ರಾವಣವನ್ನು ಸರಿಯಾಗಿ ಸೋಸಿರಲಿಲ್ಲ, ಕಣ್ಣಿಗೆ ಕಾಣದ ಕಸ ತುದಿಗೆ ಅಂಟುತ್ತಿತ್ತು. ಸೋಸಿದ ದಿನವೇ ಹರ್ಗ್ ಕರೆಂಟ್ ಸಿಕ್ಕಿತು. ವೋಲ್ಟೇಜ್ ಏರಿಸಿದಾಗ ಅಷ್ಟಕ್ಕಷ್ಟೇ. ಇಳಿಸಿದ ತಕ್ಷಣ ಪರದೆ ಮೇಲೆ ಗೆರೆ ಎತ್ತರಕ್ಕೆ ನೆಗೆಯಿತು! ಪ್ರತಿ ಬಡಿತದ ಕೊನೆಗೆ ಹೃದಯದ ಕೋಶವನ್ನು ಶಾಂತ ಮಾಡುವುದು ಈ ನೆಗೆತವೇ. ಅದು ಕುಗ್ಗಿದರೆ ತಾಳ ತಪ್ಪುತ್ತದೆ, ಮನುಷ್ಯ ದಿಢೀರನೆ ಬೀಳುತ್ತಾನೆ.

ಹಾಗೆ ಬೀಳುವ ಮಕ್ಕಳಿಗೆ ಎಷ್ಟೋ ಸಲ ಫಿಟ್ಸ್ ಅಂತ ಔಷಧಿ ಕೊಡುತ್ತಾರೆ. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ. ಹರ್ಗ್ ಕೆಟ್ಟವರಲ್ಲಿ ಫೋನು, ಅಲಾರಂ ಥರದ ದಿಢೀರ್ ಸದ್ದೇ ಸಾಕು, ಹಾಗೆ ಬೀಳಲು. ಹಾಗಾಗಿ ಈಗ ಊರಿನ ಕಡೆ ಮಾತಾಡಲು ಹೋದರೆ, ಮಗು ಬಿದ್ದಾಗ ಏನಾಗುತ್ತಿತ್ತು ಅಂತ ಮೊದಲು ಕೇಳುತ್ತೇನೆ. ಮದ್ದೂರಿನ ಹತ್ತಿರ ಒಬ್ಬ ತಾಯಿ, "ಸಾರ್, ನಮ್ಮುಡ್ಗಿ ಅಲಾರಂ ಹೊಡ್ದಾಗ್ಲೇ ಬೀಳೋದು" ಅಂದರು. ಇಸಿಜಿ ಒಮ್ಮೆಯೂ ತೆಗೆಸಿರಲಿಲ್ಲ. ಅವತ್ತೇ ಮಧ್ಯಾಹ್ನ ಅವರ ಜೊತೆ ಹೃದ್ರೋಗ ತಜ್ಞರ ಹತ್ತಿರ ಹೋದೆ.

ಹುಡುಗಿ ಈಗ ಹೃದಯವನ್ನು ಹದದಲ್ಲಿಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮನೆಯಲ್ಲಿ ಅಲಾರಂ ಇಲ್ಲ. ಬೆಳಿಗ್ಗೆ ಅಮ್ಮನೇ ಬೆನ್ನು ಸವರಿ ಎಬ್ಬಿಸುತ್ತಾರೆ.