ಸ್ಕ್ಯಾನರ್ ಸುಮ್ಮನಾದಲ್ಲಿ ಅಗ್ಗದ ಸ್ಕೋಪು: ಪುಣೆಯ ಗ್ಯಾರೇಜಿನಿಂದ ನನ್ನ ಅನುಭವ

"ಅದು ಟಿವಿ ರಿಪೇರಿಯವರ ಸಾಮಾನು, ಗಾಡಿಗೆಲ್ಲ ನಡೆಯಲ್ಲ" ಅಂತ ಆಸಿಲೋಸ್ಕೋಪಿನ ಬಗ್ಗೆ, ಅಂದರೆ ವೋಲ್ಟೇಜಿನ ಏರಿಳಿತವನ್ನು ತೆರೆ ಮೇಲೆ ಗೆರೆಯಾಗಿ ತೋರಿಸುವ ಸ್ಕೋಪಿನ ಬಗ್ಗೆ, ಪುಣೆಯ ಭೋಸರಿಯಲ್ಲಿ ನನಗೆ ಹೇಳದವರೇ ಇಲ್ಲ. ಈಗ ಅವರಲ್ಲೇ ಕೆಲವರು ತಮ್ಮ ಕೈಗೆ ಬಗ್ಗದ ಗಾಡಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಲ್ಟಿಮೀಟರ್, ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಬಳಸಿ ಗೊತ್ತಿರುವವರಿಗೆ ಇದು. ಬುಡದಿಂದ ಹೇಳಿಕೊಡಲು ಹೋಗುವುದಿಲ್ಲ.

ಮೊದಲು ತಂದದ್ದು ಡಿಎಸ್‌ಒ138 ಅನ್ನುವ ಸಣ್ಣ ಸ್ಕೋಪ್ ಕಿಟ್. ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಹತ್ತಿರದ ಅಂಗಡಿಯಲ್ಲಿ ಸಾವಿರದೈನೂರರ ಆಸುಪಾಸು ಕೊಟ್ಟ ನೆನಪು. ಒಂದೇ ಚಾನೆಲ್, ಅಂದರೆ ಒಂದು ಸಲಕ್ಕೆ ಒಂದೇ ಸಿಗ್ನಲ್, ಅದೂ 200 ಕಿಲೋಹರ್ಟ್ಸ್ ವರೆಗಿನದು. ಇಷ್ಟು ಸಾಕಾ ಅಂತ ಎಲ್ಲರೂ ಕೇಳುತ್ತಿದ್ದರು. ಹಲ್ಲಿನ ಚಕ್ರ ನೋಡಿ ಎಂಜಿನ್ ತಿರುಗುವುದನ್ನು ಹೇಳುವ ಕ್ರ್ಯಾಂಕ್ ಸೆನ್ಸರಿಗೆ ಧಾರಾಳವಾಗಿ ಸಾಕು. 60 ಹಲ್ಲಿನ ಲೆಕ್ಕದಲ್ಲಿ ಎರಡು ಹಲ್ಲು ಖಾಲಿ ಬಿಟ್ಟ ಚಕ್ರವಾದರೆ, 800 ಆರ್‌ಪಿಎಮ್‌ಗೆ ಸಿಗ್ನಲ್ 800 ಹರ್ಟ್ಸ್. 6,000ಕ್ಕೆ ಏರಿಸಿದರೂ 6 ಕಿಲೋಹರ್ಟ್ಸ್ ಅಷ್ಟೇ. ಆ ಕಿಟ್ ಸೋತದ್ದು ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನಲ್ಲಿ. 500 ಕೆಬಿಪಿಎಸ್, ಸೆಕೆಂಡಿಗೆ ಐದು ಲಕ್ಷ ಬಿಟ್, ಅಂದರೆ ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡ್. ಈ ಕಿಟ್ ತೆಗೆಯುವುದು ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್. ಬಿಟ್‌ಗೆ ಎರಡು ಚುಕ್ಕಿ ಬಿದ್ದರೆ ಏನು ಓದುವುದು?

ಕಿಟ್ಟಿಗೆ ಕರೆಂಟ್ ಕೊಡುವುದು ಅದಕ್ಕಿಂತ ದೊಡ್ಡ ತಲೆನೋವು. 9 ವೋಲ್ಟಿನ ಸಣ್ಣ ಬ್ಯಾಟರಿ ಬೇಗ ಕೂರುತ್ತದೆ. ಪವರ್ ಬ್ಯಾಂಕಿಗೆ ವೋಲ್ಟ್ ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕಿದರೆ ಅದರ ಗದ್ದಲವೇ ತೆರೆಯ ತುಂಬ. ಗಾಡಿಯ ಲೈಟರ್ ಸಾಕೆಟ್ಟಿನಿಂದ ಕೊಟ್ಟರೆ ಸ್ಕೋಪಿನ ನೆಗೆಟಿವ್ ಗಾಡಿಯ ಲೋಹದ ಮೈಗೆ ಕಟ್ಟಿಕೊಂಡಿರುತ್ತದೆ, ಅರ್ಥ್ ಡ್ರಾಪ್, ಅಂದರೆ ಅರ್ಥ್ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್, ನೋಡುವ ಮಾತೇ ಇಲ್ಲ. ಮಾಡ್ಯೂಲು, ಕ್ಲಿಪ್ಪು, ವೈರು ಅಂತ ಕಿಟ್ಟಿನಷ್ಟೇ ದುಡ್ಡು ಮತ್ತೆ ಸುರಿದೆ. ಕೊನೆಗೆ ಒಳಗೇ ಬ್ಯಾಟರಿ ಇರುವ, ಎರಡು ಚಾನೆಲ್ಲಿನ ಹ್ಯಾನ್‌ಟೆಕ್ 2ಡಿ72 ತಗೊಂಡೆ. ಹನ್ನೆರಡು-ಹದಿಮೂರು ಸಾವಿರ ಆಯಿತು. ಗಾಡಿಗಂತಲೇ ಬರುವ ಪಿಕೊ ಕಂಪನಿಯ ಸ್ಕೋಪ್ ಕಿಟ್ಟುಗಳು ಲಕ್ಷ ದಾಟುತ್ತವೆ, ನಮ್ಮಂಥ ಗ್ಯಾರೇಜಿಗೆ ಅದು ಆಗದ ಮಾತು.

ನನ್ನ ಹೆಸರು ಉಳಿಸಿದ್ದು ನಿಪ್ಪಾಣಿ ಕಡೆಯವರ ಒಂದು ಟೂರಿಸ್ಟ್ ಗಾಡಿ. ಪುಣೆಯಿಂದ ಹೊರಟು ಖಂಬಾಟಕಿ ಘಾಟ್ ಹತ್ತುವಾಗ ಬಿಸಿಯಾಗಿ ಆಫ್ ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಸ್ಕ್ಯಾನರಿನಲ್ಲಿ ಪಿ0335 ಕೋಡ್, ಅಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಬೇರೆ ಕಡೆ ಕ್ರ್ಯಾಂಕ್ ಸೆನ್ಸರ್ ಎರಡು ಸಲ ಬದಲಾಗಿತ್ತು. ಇನ್ನು ಇಸಿಎಮ್ಮೇ, ಅಂದರೆ ಎಂಜಿನ್ನಿನ ಕಂಪ್ಯೂಟರನ್ನೇ, ಹೊಸದು ಹಾಕಬೇಕು ಅಂತ ಹೇಳಿ ಕಳಿಸಿದ್ದರು. ಮಲ್ಟಿಮೀಟರ್ ಇಟ್ಟರೆ ಸಪ್ಲೈ 5 ವೋಲ್ಟ್, ಸಿಗ್ನಲ್ ವೈರಿನಲ್ಲಿ ಎರಡೂವರೆ. ಎಲ್ಲ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಸಿಗ್ನಲ್ ಸೊನ್ನೆಗೂ ಐದಕ್ಕೂ ಚೌಕಚೌಕವಾಗಿ ಹಾರುತ್ತಿರುತ್ತದೆ, ಮೀಟರ್ ತೋರಿಸುವುದು ಅದರ ಸರಾಸರಿ. ಮೇಲಿನ ಗೆರೆ, ಕೆಳಗಿನ ಗೆರೆ ಎಲ್ಲಿವೆ ಅಂತ ಅದು ಹೇಳುವುದಿಲ್ಲ.

ಸ್ಕೋಪಿನ ನೆಗೆಟಿವ್ ಬ್ಯಾಟರಿ ನೆಗೆಟಿವ್‌ಗೆ ಹಾಕಿದೆ. ಒಂದನೇ ಚಾನೆಲ್ ಸಿಗ್ನಲ್ಲಿಗೆ, ಎರಡನೆಯದು ಸೆನ್ಸರಿನ ಅರ್ಥ್ ವೈರಿಗೆ, ವೈರುಗಳು ಕೂಡುವ ಕಪ್ಲರಿನ ಹಿಂದಿನಿಂದ. ಗಾಡಿ ತಣ್ಣಗಿದ್ದಾಗ ಚೌಕದ ಕೆಳಗಿನ ಗೆರೆ ಸೊನ್ನೆಗೆ ಅಂಟಿಕೊಂಡಿತ್ತು. ಮಾಲೀಕರು ಬಗ್ಗಿ ನೋಡಿ, "ಏನ್ರೀ ಮೇಸ್ತ್ರಿ, ಇದರಾಗ ಏನ್ ಕಾಣಸ್ತದ?" ಅಂದರು. "ಸ್ವಲ್ಪ ತಡೀರಿ ಅಣ್ಣಾ" ಅಂದೆ. ಹೀಟ್ ಗನ್ ಹಿಡಿದು ಹಾರ್ನೆಸ್, ಅಂದರೆ ವೈರುಗಳ ಕಟ್ಟಿನ, ಉದ್ದಕ್ಕೂ ಗೇಣು ಗೇಣಾಗಿ ಬಿಸಿ ಮಾಡುತ್ತಾ ಬಂದೆ. ಬ್ಯಾಟರಿ ಟ್ರೇ ಕೆಳಗೆ ಬರುತ್ತಿದ್ದಂತೆ ಕೆಳಗಿನ ಗೆರೆ ಮೇಲೇಳತೊಡಗಿತು. ಅರ್ಧ ವೋಲ್ಟ್, ಆಮೇಲೆ ಒಂದು, ಒಂದೂಕಾಲು. ಎರಡನೇ ಚಾನೆಲ್ಲೂ ಜೊತೆಜೊತೆಗೇ ಎದ್ದಿತು. ಅಂದರೆ ಅರ್ಥ್ ವೈರೇ ಮೇಲೇಳುತ್ತಿದೆ, ಸೆನ್ಸರಿನ ತಪ್ಪಲ್ಲ. ಟೇಪ್ ಬಿಚ್ಚಿದರೆ ಮೂರು ಸೆನ್ಸರುಗಳ ಅರ್ಥ್ ಕೂಡುವ ಜಾಯಿಂಟು, ತಾಮ್ರವೆಲ್ಲ ಹಸಿರುಗಟ್ಟಿತ್ತು. ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಖರ್ಚು ಐವತ್ತು ರೂಪಾಯಿಯ ಒಳಗೆ. ಕೂಲಿ ಎರಡು ಸಾವಿರದ ಹತ್ತಿರ ತಗೊಂಡೆ, ಅವರು ಖುಷಿಯಿಂದಲೇ ಕೊಟ್ಟರು. ಇಸಿಎಮ್ ಹಾಕಿದ್ದರೆ ಎಷ್ಟು ಬೀಳುತ್ತಿತ್ತು ಅಂತ ನಿಮಗೇ ಗೊತ್ತು.

ಕಪ್ಲರಿನ ಸೀಲ್ ಹರಿಯದ ಹಾಗೆ ಒಳಗೆ ಹೋಗುವ ಪಿನ್ನು ನಾನೇ ಮಾಡಿಕೊಂಡದ್ದು. ಯಾವುದರಿಂದ ಅಂತ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು ಸುಲಭ. ಏರಿಳಿತವನ್ನಷ್ಟೇ ತೋರಿಸುವ ಎಸಿ ಕಪ್ಲಿಂಗ್ ಹಾಕಿ, ಹೆಡ್‌ಲೈಟ್, ಬ್ಲೋವರ್ ಆನ್ ಮಾಡಿ ನೋಡಿ. ಒಂದೇ ಎತ್ತರದ ಸಣ್ಣ ಗುಬ್ಬಿಗಳ ಸಾಲಿದ್ದರೆ ಸರಿ. ನಡುನಡುವೆ ಆಳದ ಗುಂಡಿ ಬಿದ್ದರೆ ಅದರೊಳಗಿನ ಡಯೋಡ್ ಹೋಗಿದೆ. ಮೀಟರಿನಲ್ಲಿ 14 ವೋಲ್ಟ್ ಇದ್ದೂ ಬ್ಯಾಟರಿ ಪದೇ ಪದೇ ಸಾಯುವ ಗಾಡಿಗಳಲ್ಲಿ ಮೊದಲು ಇದನ್ನೇ ನೋಡಿ.

ಬ್ಯಾಟರಿ ಮೇಲೇ ಸ್ಕೋಪ್ ಇಟ್ಟು ಕಂಪ್ರೆಶನ್, ಅಂದರೆ ಸಿಲಿಂಡರ್ ಗಾಳಿಯನ್ನು ಒತ್ತುವ ಶಕ್ತಿ, ನೋಡಬಹುದು ಅಂದಾಗ ಯಾರೂ ನಂಬಲಿಲ್ಲ. ಸ್ಟಾರ್ಟ್ ಆಗದಂತೆ ಇಂಜೆಕ್ಟರ್ ಫ್ಯೂಸ್ ಕಿತ್ತು ಸೆಲ್ಫ್ ಹೊಡೆಯಿರಿ. ಪ್ರತಿ ಸಿಲಿಂಡರ್ ಕಂಪ್ರೆಶನ್ನಿಗೆ ಬಂದಾಗ ಸೆಲ್ಫ್ ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ನಾಲ್ಕರಲ್ಲಿ ಒಂದು ಕುಸಿತ ಚಿಕ್ಕದಾಗಿದ್ದರೆ ಆ ಸಿಲಿಂಡರ್ ಬಡವ. ಪ್ಲಗ್ ಬಿಚ್ಚುವ ಕೆಲಸವಿಲ್ಲ. ಯಾವ ಸಿಲಿಂಡರ್ ಅಂತ ತಿಳಿಯಲು ಎರಡನೇ ಚಾನೆಲ್ ಒಂದನೇ ಸಿಲಿಂಡರಿಗೆ ಸ್ಪಾರ್ಕ್ ಕೊಡುವ ಕಾಯಿಲಿನ ಟ್ರಿಗರ್ ವೈರಿಗೆ ಹಾಕಿ. ಟ್ರಿಗರ್ ವೈರು ಮಾತ್ರ, ಕಾಯಿಲಿನ ಪ್ರೈಮರಿ ವೈರಲ್ಲ. ಪ್ರೈಮರಿಯಲ್ಲಿ 300-400 ವೋಲ್ಟ್ ಎದ್ದು ಬರುತ್ತದೆ, ವೋಲ್ಟೇಜ್ ತಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಹತ್ತಿರ ಹೋಗಬೇಡಿ. ಪೆಟ್ರೋಲ್ ಇಂಜೆಕ್ಟರಿಗೂ ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್ ಪ್ರೋಬೇ ಇರಲಿ. ಅದು ಮುಚ್ಚುವಾಗ 60 ವೋಲ್ಟಿಗೂ ಮೇಲೆ ಚಿಮ್ಮುತ್ತದೆ, ಆ ಸಣ್ಣ ಕಿಟ್ಟಿನ ಮಿತಿ 50.

ಈ ನಡುವೆ ಫ್ಯುಯಲ್ ಪಂಪಿನ ಹಿಂದೆ ಬಿದ್ದಿದ್ದೇನೆ. ಐದು ಸಾವಿರದ ಹತ್ತಿರ ಕೊಟ್ಟು, ವೈರಿನಲ್ಲಿ ಹರಿಯುವ ಕರೆಂಟನ್ನು ಸ್ಕೋಪಿಗೆ ತೋರಿಸುವ ಸಿಸಿ-65 ಕ್ಲ್ಯಾಂಪ್ ತಂದೆ. ಪಂಪಿನ ವೈರಿಗೆ ಸಿಕ್ಕಿಸಿದರೆ ಮೋಟರಿನ ಕಮ್ಯುಟೇಟರಿನ, ಅಂದರೆ ಬ್ರಶ್ ತಾಗುವ ತಾಮ್ರದ ಸುತ್ತಿನ, ಪ್ರತಿ ಪಟ್ಟಿಗೂ ಒಂದು ಗುಬ್ಬಿ. ಎಂಟು ಪಟ್ಟಿಯ ಪಂಪಾದರೆ ಎಂಟಕ್ಕೊಂದು ಸಲ ಅದೇ ಗುಬ್ಬಿ ಸೊರಗಿದಂತೆ ಕಂಡರೆ, ಆ ಪಂಪು ಇನ್ನು ಜಾಸ್ತಿ ದಿನ ಬಾಳುವುದಿಲ್ಲ. ಎಂಟು ಗುಬ್ಬಿಗೆ, ಅಂದರೆ ಒಂದು ಸುತ್ತಿಗೆ, 10 ಮಿಲಿಸೆಕೆಂಡ್ ಹಿಡಿದರೆ ವೇಗ 6,000 ಆರ್‌ಪಿಎಮ್. ಕ್ಲ್ಯಾಂಪಿನ ಸೊನ್ನೆ ಮಾತ್ರ ಜಾರುತ್ತಿರುತ್ತದೆ, ಪ್ರತಿ ಸಲ ಹಾಕುವ ಮುಂಚೆ ಬಟನ್ ಒತ್ತಿ ಸರಿಮಾಡಿಕೊಳ್ಳಬೇಕು. ಟ್ಯಾಂಕ್ ಇಳಿಸುವ ಮುಂಚೆಯೇ ಗಿರಾಕಿಗೆ ತೆರೆ ತೋರಿಸುತ್ತೇನೆ. ಚೆಕಿಂಗ್ ಚಾರ್ಜ್ ಮುನ್ನೂರರಿಂದ ಎಂಟುನೂರು ಮಾಡಿದ ಮೇಲೂ ಯಾರೂ ಚೌಕಾಸಿ ಮಾಡಿಲ್ಲ.